ಮೂರು ತುಂಬುವುದರೊಳಗೆ

ಹೊಸದಾಗಿ ವೃತ್ತಿಗೆ ಕಾಲಿಟ್ಟ ತರುಣಿಯೊಬ್ಬಳು ಹೆಗಲಿಗೆ ದೊಡ್ಡದೊಂದು ಚೀಲವನ್ನು ತೂಗುಹಾಕಿಕೊಂಡು ಬಸ್ಸಿನಿಂದ ಇಳಿಯುತ್ತಾಳೆ. ಚೀಲದ ತುಂಬ ಗಿಲಕಿಗಳು, ಬಣ್ಣದ ಉಂಗುರಗಳು, ಒತ್ತಿದರೆ ಕೂಗುವ ರಬ್ಬರಿನ ಬಾತುಕೋಳಿ. ಅವಳು ಹುಡುಕಿಕೊಂಡು ಬಂದ ಮನೆಯಲ್ಲಿ ಹದಿನಾಲ್ಕು ತಿಂಗಳ ಗಂಡುಮಗುವಿದೆ; ಆಸರೆಯಿಲ್ಲದೆ ಅದು ಇನ್ನೂ ಕುಳಿತುಕೊಳ್ಳದು. ನಡುಮನೆಯಲ್ಲಿ ಚಾಪೆ ಹಾಸಿ, ಆಟಿಕೆಗಳನ್ನು ಹರಡಿ, ಒಂದು ಗಂಟೆಯ ಕಾಲ ಮಗುವನ್ನು ಆಡಿಸುತ್ತಾಳೆ. ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಗಂಟೆ ಮುಗಿದೊಡನೆ ಆಟಿಕೆಗಳೆಲ್ಲ ಮತ್ತೆ ಚೀಲ ಸೇರುತ್ತವೆ.

“ನೀವಿದ್ದಾಗ ಎಷ್ಟು ಚೆನ್ನಾಗಿ ಆಡ್ತಾನೆ, ಮೇಡಂ! ಆದರೆ ಸಾಮಾನೆಲ್ಲ ನೀವೇ ತಗೊಂಡು ಹೋಗ್ತೀರಲ್ಲ, ಬರೋ ಗುರುವಾರದವರೆಗೂ ನಾನೇನು ಮಾಡಲಿ?”

ಇಂತಹ ಪ್ರಶ್ನೆ ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಒಂದಲ್ಲ ಒಂದು ಮನೆಯಲ್ಲಿ ಎದುರಾಗಿಯೇ ತೀರುತ್ತದೆ. ತಾಯಿ ಕೇಳಿದ್ದು ಮುಗ್ಧವಾಗಿಯೇ. ಆದರೆ ಅದರೊಳಗೆ ಸರಳವಾದ ಲೆಕ್ಕವೊಂದು ಅಡಗಿದೆ. ಆ ವಯಸ್ಸಿನ ಮಗು ದಿನಕ್ಕೆ ಹನ್ನೊಂದರಿಂದ ಹದಿನಾಲ್ಕು ಗಂಟೆ ನಿದ್ರಿಸಬಹುದು. ಉಳಿದದ್ದನ್ನು ಕೂಡಿಸಿದರೆ ವಾರದಲ್ಲಿ ಎಪ್ಪತ್ತರಿಂದ ತೊಂಬತ್ತು ಗಂಟೆ ಅದು ಎಚ್ಚರವಾಗಿರುತ್ತದೆ. ತಜ್ಞೆಯ ಪಾಲಿಗೆ ಬರುವುದು ಅದರಲ್ಲಿ ಒಂದೇ ಗಂಟೆ. ಮಿಕ್ಕ ಹೊತ್ತೆಲ್ಲ ತಾಯಿಯದು, ತಂದೆಯದು, ಅಜ್ಜಿಯದು, ಪಕ್ಕದ ಮನೆಯ ಹುಡುಗಿಯದು. ಹಾಗಿರುವಾಗ ಮಗುವಿಗೆ ಕಲಿಸುವವರು ಯಾರು?

ಹುಟ್ಟಿನಿಂದ ಮೂರು ವರ್ಷದವರೆಗಿನ ಕೂಸುಗಳಲ್ಲಿ ಕಿವಿ, ಕಣ್ಣು, ಮಾತು, ನಡೆ, ಬುದ್ಧಿ ಇವುಗಳ ಬೆಳವಣಿಗೆ ಕುಂಠಿತವಾದುದು ಕಂಡುಬಂದರೆ, ಅಥವಾ ಕುಂಠಿತವಾಗಬಹುದೆಂಬ ಶಂಕೆ ಮೂಡಿದರೆ, ತಡಮಾಡದೆ ಕೈಕೊಳ್ಳುವ ಆರೈಕೆಗೆ ಸರಕಾರಿ ಕಾಗದಗಳಲ್ಲಿ ‘ಆರಂಭಿಕ ಮಧ್ಯಸ್ಥಿಕೆ’ ಎಂಬ ಹೆಸರಿದೆ. ಹೆಸರು ಕೇಳಿದವರಿಗೆ ಅಣ್ಣತಮ್ಮಂದಿರ ಆಸ್ತಿಯ ಜಗಳದ ಪಂಚಾಯಿತಿ ನೆನಪಾದರೆ ಅವರ ತಪ್ಪಲ್ಲ! ಶೀಘ್ರ ಆರೈಕೆ ಎಂದರೆ ಅರ್ಥ ತಾನಾಗಿ ತಿಳಿಯುತ್ತದೆ. ವಾಕ್-ಶ್ರವಣ ಚಿಕಿತ್ಸಕಿ, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಮನಶ್ಶಾಸ್ತ್ರಜ್ಞೆ, ವಿಶೇಷ ಶಿಕ್ಷಕಿ ಇವರಲ್ಲಿ ಯಾರಾದರೂ ಈ ದಾರಿಗೆ ಬರಬಹುದು. ಆದರೆ ಆಸ್ಪತ್ರೆಯ ಕೊಠಡಿಯಲ್ಲಿ ಕಲಿತ ವಿದ್ಯೆಯನ್ನು ತೊಟ್ಟಿಲ ಬಳಿಗೆ ಒಯ್ಯುವುದು ಬೇರೆಯದೇ ಆದ ಕಲಿಕೆ.

ಶೈಶವದಲ್ಲೇ ಏಕೆ ಇಷ್ಟು ಆತುರ? ಇದಕ್ಕೆ ಉತ್ತರ ಕೊಟ್ಟ ಪ್ರಸಂಗಗಳಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಅನಾಥಾಲಯವೊಂದರ ಕಥೆ ಎಂದಿಗೂ ಮರೆಯಲಾಗದಂಥದು. 1930ರ ದಶಕ. ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯ ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಎರಡು ಹೆಣ್ಣುಕೂಸುಗಳು ಅವರ ಕಣ್ಣಿಗೆ ಬಿದ್ದವು. ಒಂದಕ್ಕೆ ಹದಿಮೂರು ತಿಂಗಳು, ಇನ್ನೊಂದಕ್ಕೆ ಹದಿನಾರು. ಬೆಳವಣಿಗೆ ಮಾತ್ರ ಆರೇಳು ತಿಂಗಳ ಮಟ್ಟದ್ದು. ಸೊರಗಿದ ಮೈ, ನಗುವಿಲ್ಲದ ಮುಖ. ಹಗಲೆಲ್ಲ ಮೈಯನ್ನು ತೂಗಾಡಿಸುತ್ತ ಕೊರಗುವುದೊಂದೇ ಕೆಲಸ. ಇವರಿಂದ ಏನೂ ಆಗದೆಂದು ಬಗೆದು, ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಹೆಂಗಸರಿದ್ದ ಆಶ್ರಮವೊಂದಕ್ಕೆ ಎರಡನ್ನೂ ಸಾಗಹಾಕಲಾಯಿತು.

ಆರು ತಿಂಗಳ ತರುವಾಯ ಸ್ಕೀಲ್ಸರು ಅದೇ ಆಶ್ರಮಕ್ಕೆ ಬಂದಾಗ ನಗುತ್ತ ಓಡಾಡುತ್ತಿದ್ದ ಇಬ್ಬರು ಪುಟಾಣಿಗಳನ್ನು ಕಂಡರು. ಇವು ಆ ಕೂಸುಗಳೇ ಎಂದು ನಂಬುವುದು ಅವರಿಗೆ ಸುಲಭವಾಗಲಿಲ್ಲ. ಯಾವ ಔಷಧವೂ ಇಲ್ಲ, ಯಾವ ಶಸ್ತ್ರಚಿಕಿತ್ಸೆಯೂ ಇಲ್ಲ. ಲೋಕವು ಮಂದಮತಿಗಳೆಂದು ದೂರವಿಟ್ಟಿದ್ದ ಆ ಹೆಂಗಸರು ಕೂಸುಗಳನ್ನು ಎತ್ತಿ ಆಡಿಸಿದ್ದರು, ಮಾತನಾಡಿಸಿದ್ದರು, ಕೈಹಿಡಿದು ನಡೆಸಿದ್ದರು. ಒಂದೊಂದು ಕೂಸಿಗೂ ‘ನನ್ನದು’ ಎನ್ನುವ ಒಬ್ಬಳು ದೊರೆತಿದ್ದಳು. ಆಮೇಲೆ ಸ್ಕೀಲ್ಸರು ಇನ್ನೂ ಹನ್ನೊಂದು ಮಕ್ಕಳನ್ನು ಇದೇ ರೀತಿ ‘ಅತಿಥಿ’ಗಳನ್ನಾಗಿ ಕಳುಹಿಸುವ ಏರ್ಪಾಡು ಮಾಡಿದರು. 1939ರಲ್ಲಿ ವರದಿ ಪ್ರಕಟವಾಯಿತು. ಆ ಹದಿಮೂರು ಮಕ್ಕಳ ಬುದ್ಧಿಯ ಅಂಕ ಸರಾಸರಿ 27ಕ್ಕಿಂತ ಹೆಚ್ಚು ಏರಿತ್ತು. ಅನಾಥಾಲಯದಲ್ಲೇ ಉಳಿದ ಹನ್ನೆರಡು ಮಕ್ಕಳದು ಸರಾಸರಿ 26ರಷ್ಟು ಇಳಿದಿತ್ತು. ಆರಂಭದಲ್ಲಿ ಹೆಚ್ಚು ಚುರುಕಾಗಿದ್ದವರು ಅನಾಥಾಲಯದಲ್ಲಿ ಉಳಿದವರೇ ಎಂಬುದನ್ನು ಗಮನಿಸಬೇಕು.

ಪಂಡಿತರು ಆಗ ಇದನ್ನು ನಂಬಲಿಲ್ಲ; ಹಾಸ್ಯ ಮಾಡಿದವರೂ ಉಂಟು. ಕಾಲು ಶತಮಾನ ಕಳೆದ ಮೇಲೆ ಸ್ಕೀಲ್ಸರು ಅಷ್ಟೂ ಮಂದಿಯನ್ನು ಹುಡುಕಿ ಹೊರಟು, 1966ರಲ್ಲಿ ಮತ್ತೊಂದು ವರದಿ ಬರೆದರು. ಅತಿಥಿಗಳಾಗಿದ್ದ ಹದಿಮೂವರಲ್ಲಿ ಹನ್ನೊಂದು ಮಂದಿ ದತ್ತು ಹೋಗಿದ್ದರು. ಹದಿಮೂವರೂ ತಮ್ಮ ಕಾಲ ಮೇಲೆ ತಾವು ನಿಂತಿದ್ದರು. ಇತ್ತ ಹನ್ನೆರಡು ಮಂದಿಯಲ್ಲಿ ಒಬ್ಬರು ಎಳೆಯ ಪ್ರಾಯದಲ್ಲೇ ತೀರಿಹೋಗಿದ್ದರು. ನಾಲ್ವರು ಇನ್ನೂ ಆಶ್ರಮ-ಆಸ್ಪತ್ರೆಗಳಲ್ಲೇ ಇದ್ದರು. ಆ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾಳಿದವನು ಕಿವಿ ಮಂದವಿದ್ದ ಒಬ್ಬ ಹುಡುಗ. ಕಿವುಡರ ಶಾಲೆಗೆ ಸೇರಿದ ಅವನ ಮೇಲೆ ಅಲ್ಲಿಯ ಮೇಲ್ವಿಚಾರಕಿಯೊಬ್ಬಳು ಮಮತೆಯಿಟ್ಟಳು. ಮುಂದೆ ಅವನು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನಾದ. ಅವನಿಗೂ ‘ನನ್ನವನು’ ಎನ್ನುವ ಒಬ್ಬಳು ಸಿಕ್ಕಿದ್ದಳು, ಸ್ವಲ್ಪ ತಡವಾಗಿ.

ಆ ಹನ್ನೆರಡು ಮಕ್ಕಳನ್ನು ಅಲ್ಲಿಯೇ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಇಂದು ಓದುವವರನ್ನು ಚುಚ್ಚದೆ ಇರದು. ಇಂತಹ ಪ್ರಯೋಗಕ್ಕೆ ಈಗ ಯಾರೂ ಅನುಮತಿ ಕೊಡಲಾರರು.

ಮೆದುಳಿನ ಶಾಸ್ತ್ರವೂ ಮುಂದೆ ಇದೇ ಮಾತನ್ನು ಬೇರೆ ದಾರಿಯಿಂದ ಹೇಳಿತು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳವೆಯಲ್ಲಿ ಕೆಲವು ವಾರ ಮುಚ್ಚಿಟ್ಟು ನೋಡಿದರು. ಅನಂತರ ಕಣ್ಣು ತೆರೆದರೂ ಅದರಿಂದ ಬರುವ ನೋಟವನ್ನು ಮೆದುಳು ಸ್ವೀಕರಿಸಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಇಂತಹ ನಷ್ಟವಾಗಲಿಲ್ಲ. 1981ರಲ್ಲಿ ಇವರಿಗೆ ನೊಬೆಲ್ ಪಾರಿತೋಷಕ ಬಂತು. ಕಿವಿಯ ವಿಷಯದಲ್ಲಿ 1998ರಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಅವರ ಸಂಗಡಿಗರು ಅಮೆರಿಕದ ಕೊಲರಾಡೊದಲ್ಲಿ 150 ಮಕ್ಕಳನ್ನು ಪರಿಶೀಲಿಸಿದರು. ಆರು ತಿಂಗಳೊಳಗೆ ಕಿವುಡು ಪತ್ತೆಯಾಗಿ ಆರೈಕೆ ಪಡೆದವರ ಭಾಷೆ, ತಡವಾಗಿ ಪತ್ತೆಯಾದವರ ಭಾಷೆಗಿಂತ ಸ್ಪಷ್ಟವಾಗಿ ಮುಂದಿತ್ತು. ಒಂದು ತಿಂಗಳೊಳಗೆ ಪರೀಕ್ಷೆ, ಮೂರರೊಳಗೆ ನಿಶ್ಚಯ, ಆರರೊಳಗೆ ಆರೈಕೆಯ ಆರಂಭ ಎಂಬ ಸೂತ್ರವನ್ನು ಶ್ರವಣ ತಜ್ಞರು ಇಂದು ಪಠಿಸುವುದು ಇದರಿಂದಲೇ.

ನಮ್ಮಲ್ಲಿ ಈ ಸೂತ್ರಕ್ಕೆ ಅಡ್ಡಬರುವುದು ಒಂದು ಸಮಾಧಾನದ ಮಾತು: “ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನಿರಮ್ಮ.” ಇಷ್ಟು ಪ್ರೀತಿಯಿಂದ ಹೇಳಿ, ಇಷ್ಟು ಬೆಲೆ ತೆರುವ ಮಾತು ಮತ್ತೊಂದಿರಲಾರದು. ಜೊತೆಗೆ ಬಜೆಯನ್ನು ತೇದು ನಾಲಿಗೆಗೆ ಸವರುವುದೂ ನಡೆಯುತ್ತದೆ. ಕಿವಿ ಕೇಳದ ಕೂಸು ಕೂಡ ಮೊದಲ ಕೆಲವು ತಿಂಗಳು ‘ಆ’, ‘ಊ’ ಎಂದು ಸದ್ದು ಮಾಡುವುದರಿಂದ ಮನೆಯವರು ಮೋಸಹೋಗುತ್ತಾರೆ. ಬಾಗಿಲು ಧಡಾರನೆ ಬಡಿದಾಗ ತಿರುಗಿದರೆ ಕಿವಿ ಸರಿಯಾಗಿದೆಯೆಂದು ಬಗೆಯುತ್ತಾರೆ. ನೆಲದ ಕಂಪನಕ್ಕೋ ಗಾಳಿಗೋ ತಿರುಗಿರಬಹುದೆಂದು ಯಾರಿಗೂ ಹೊಳೆಯದು. ವರ್ಷ ತುಂಬಿದರೂ ತೊದಲು, ಬೆರಳು ತೋರುವ ಸನ್ನೆ ಯಾವುದೂ ಇಲ್ಲದಿದ್ದರೆ, ಹದಿನಾರು ತಿಂಗಳಾದರೂ ಒಂದು ಶಬ್ದ ಹೊರಡದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸದಿದ್ದರೆ ಮೊದಲು ಮಾಡಿಸಬೇಕಾದದ್ದು ಕಿವಿಯ ಪರೀಕ್ಷೆ.

ಈ ವೃತ್ತಿಗೆ ಬರಲು ಬಯಸುವವರಿಗೆ ನಮ್ಮ ನಾಡಿನಲ್ಲಿ ದಾರಿಗಳು ಇಲ್ಲದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾಗಿದೆ. ಅಲ್ಲಿಯ ಶಾಲಾಪೂರ್ವ ವಿಭಾಗದಲ್ಲಿ ಮಕ್ಕಳ ಜೊತೆಗೆ ತಾಯಂದಿರಿಗೂ ತರಬೇತಿ ನಡೆಯುತ್ತದೆ. ವಾಕ್-ಶ್ರವಣ ವಿಷಯದ ಸ್ನಾತಕ ಪದವಿಗೆ ವೃತ್ತಿಶಿಕ್ಷಣದ ವರ್ಷವೂ ಸೇರಿ ನಾಲ್ಕು ವರ್ಷ ಬೇಕು. ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾಗಳೂ ಪದವಿಗಳೂ ಇವೆ. ಬರಿಯ ಉತ್ಸಾಹ ಮತ್ತು ಒಂದು ವಾರದ ಶಿಬಿರದ ಪ್ರಮಾಣಪತ್ರ ಸಾಲದು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ, ಅದರ ವ್ಯಾಪ್ತಿಯ ವೃತ್ತಿಗಳಲ್ಲಿ ತೊಡಗುವವರ ಹೆಸರು ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಇರಲೇಬೇಕು. ಇಲ್ಲದೆ ವೃತ್ತಿ ನಡೆಸುವುದು ಶಿಕ್ಷಾರ್ಹ ಅಪರಾಧ. ತಾಯ್ತಂದೆಯರೂ ನೋಂದಣಿಯ ಸಂಖ್ಯೆಯನ್ನು ಸಂಕೋಚವಿಲ್ಲದೆ ಕೇಳಬಹುದು. ಕೇಳಿದ್ದಕ್ಕೆ ಮುನಿಸಿಕೊಳ್ಳುವ ತಜ್ಞರಿಂದ ದೂರವಿರುವುದೇ ಲೇಸು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ ಜಿಲ್ಲಾ ಕೇಂದ್ರಗಳಲ್ಲಿ ಶೀಘ್ರ ಆರೈಕೆಯ ಕೇಂದ್ರಗಳು ಹುಟ್ಟಿದವು. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಕೂಸನ್ನು ನೋಡುತ್ತಾಳೆ. ಸಂಚಾರಿ ವೈದ್ಯ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗಳಿಗೆ ಬರಬೇಕೆಂಬ ನಿಯಮವಿದೆ. ಶಂಕೆಯಿದ್ದ ಮಕ್ಕಳು ಜಿಲ್ಲಾ ಕೇಂದ್ರಕ್ಕೆ ಬರುತ್ತಾರೆ. ಅಲ್ಲಿ ಮಕ್ಕಳ ವೈದ್ಯರಿಂದ ಹಿಡಿದು ವಿಶೇಷ ಶಿಕ್ಷಕಿಯವರೆಗೆ ಒಂದೇ ಸೂರಿನಡಿ ಇರಬೇಕೆಂಬುದು ಯೋಜನೆ. ಹೊಸಬರು ಮೊದಲ ಒಂದೆರಡು ವರ್ಷ ಇಂತಹ ಕೇಂದ್ರದಲ್ಲೋ ದೊಡ್ಡ ಸೇವಾಸಂಸ್ಥೆಯಲ್ಲೋ ಹಿರಿಯರ ಕಣ್ಣಳತೆಯಲ್ಲಿ ದುಡಿಯುವುದು ಕ್ಷೇಮ. ಓದು ಮುಗಿದ ತಿಂಗಳೇ ಸ್ವಂತ ಬೋರ್ಡು ತೂಗುಹಾಕಿದವರಿಗೆ, ತಮ್ಮ ತಪ್ಪನ್ನು ತೋರಿಸಿಕೊಡುವವರು ಯಾರೂ ಇರುವುದಿಲ್ಲ.

ಇನ್ನು ಕೆಲಸದ ಒಳಹೊರಗು. ಮನೆಗೆ ಹೋಗಿ ತಾಯಿಗೆ ಕಲಿಸುವ ಕ್ರಮಕ್ಕೆ ದೊಡ್ಡ ಉದಾಹರಣೆಯಾದದ್ದು 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಪೋರ್ಟೇಜ್ ಎಂಬ ಊರಿನಲ್ಲಿ ಆರಂಭವಾದ ಯೋಜನೆ. ಸುತ್ತಲೂ ಹಳ್ಳಿಗಾಡು, ದೂರದೂರದ ಮನೆಗಳ ಪುಟ್ಟ ಮಕ್ಕಳನ್ನು ಒಂದೆಡೆ ಸೇರಿಸುವುದು ಆಗದ ಮಾತು. ಆದ್ದರಿಂದ ಶಿಕ್ಷಕಿಯೇ ವಾರಕ್ಕೊಮ್ಮೆ ಮನೆಗೆ ಹೋಗಿ, ಒಂದೆರಡು ಚಿಕ್ಕ ಗುರಿಗಳನ್ನು ತಾಯಿಯ ಜೊತೆ ಗೊತ್ತುಮಾಡಿ, ಮಾಡುವ ಬಗೆಯನ್ನು ತೋರಿಸಿ, ತಾಯಿಯಿಂದ ಮಾಡಿಸಿ ನೋಡಿ, ಒಂದು ಹಾಳೆಯನ್ನು ಬಿಟ್ಟುಬರುತ್ತಿದ್ದಳು. ಮುಂದಿನ ವಾರ ಆ ಹಾಳೆಯ ಗುರುತುಗಳನ್ನು ನೋಡಿ ಪಾಠ ಮುಂದುವರಿಯುತ್ತಿತ್ತು. ಅನೇಕ ದೇಶಗಳಲ್ಲಿ, ಭಾರತದಲ್ಲೂ, ಈ ಕ್ರಮ ಬಳಕೆಗೆ ಬಂದಿದೆ.

ಇದರಿಂದ ಹೊಸಬರು ಕಲಿಯಬೇಕಾದದ್ದು ಚೀಲವನ್ನು ಬಿಟ್ಟು ಹೋಗುವುದನ್ನು. ಮನೆಯೊಳಗೆ ಏನಿಲ್ಲ? ಲೋಟ, ತಟ್ಟೆ, ಬಟ್ಟೆಯ ಗಂಟು, ಈರುಳ್ಳಿಯ ಬುಟ್ಟಿ, ಮೊರ, ನೀರಿನ ಚೊಂಬು! ಮೊದಲ ಭೇಟಿಯಲ್ಲಿ ಮಗುವನ್ನು ಪರೀಕ್ಷಿಸುವುದಕ್ಕಿಂತ, ಬೆಳಗಿನಿಂದ ರಾತ್ರಿಯವರೆಗೆ ಮನೆ ಹೇಗೆ ನಡೆಯುತ್ತದೆಂದು ಕೇಳಿ ತಿಳಿಯುವುದು ಲೇಸು. ಸ್ನಾನ ಯಾರು ಮಾಡಿಸುವರು? ಊಟ ಎಲ್ಲಿ, ಯಾರ ತೊಡೆಯ ಮೇಲೆ? ಯಾವ ಹೊತ್ತಿನಲ್ಲಿ ಎಲ್ಲರಿಗೂ ಸಾಕಾಗಿಹೋಗುವುದು? ಆ ಸಾಕಾದ ಹೊತ್ತೇ ಆರೈಕೆ ಆರಂಭಿಸಬೇಕಾದ ಜಾಗ.

ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿಯ ಕೂಸೊಂದಿದೆಯೆನ್ನಿ. ಅದನ್ನು ಅಂಗಾತ ಮಲಗಿಸಿ ರಾಗಿಸರಿ ಬಾಯಿಗೆ ಸುರಿಯುವುದು ರೂಢಿ. ನೆತ್ತಿಗೇರಿ ಕೆಮ್ಮುತ್ತದೆ, ಅಳುತ್ತದೆ, ಊಟ ಒಂದು ಗಂಟೆ ಹಿಡಿಯುತ್ತದೆ. ಸರಿಯು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯವೂ ಇದೆ. ಬೆನ್ನು ನೆಟ್ಟಗೆ, ಸೊಂಟ ಬಾಗಿ, ಗದ್ದ ತುಸು ಒಳಗಿರುವಂತೆ ತೊಡೆಯ ಮೇಲೆ ಕೂರಿಸುವುದನ್ನು ತಾಯಿಗೆ ಕಲಿಸಿದರೆ ಊಟವೇ ವ್ಯಾಯಾಮವಾಗುತ್ತದೆ. ಕತ್ತರಿಯಂತೆ ಹೆಣೆದುಕೊಳ್ಳುವ ಕಾಲುಗಳಿಗೆ ನಮ್ಮ ಹೆಂಗಸರ ಹಳೆಯ ಪದ್ಧತಿಯೊಂದೇ ಒಳ್ಳೆಯ ಮದ್ದು: ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಂಡು ಹೋಗುವುದು. ಇಲ್ಲಿ ಅಜ್ಜಿ ಗುರು, ತಜ್ಞೆ ಶಿಷ್ಯೆ. ಬಜೆಯ ಮಾತಿನಲ್ಲಿ ತಪ್ಪಿದ ಅಜ್ಜಿಗೆ ಇಲ್ಲಿ ಮರ್ಯಾದೆ ಸಲ್ಲಿಸಿದರೆ, ಮನೆಯ ಅರ್ಧ ಕೆಲಸ ಗೆದ್ದಂತೆ. ತದ್ವಿರುದ್ಧವಾಗಿ, ಪೇಟೆಯಿಂದ ಹಣ ಕೊಟ್ಟು ತರುವ ಗಾಲಿಯ ವಾಕರ್ ನಡೆಯಲು ಕಲಿಸುವುದಿಲ್ಲ. ಬಿದ್ದು ತಲೆಗೆ ಪೆಟ್ಟಾದ ಪ್ರಕರಣಗಳಿಂದಾಗಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಕಿವಿಗೆ ಶ್ರವಣಯಂತ್ರ ಬಂದ ಕೂಸಿಗೆ ಬೇರೆ ಪಾಠ. ಯಂತ್ರ ಪೆಟ್ಟಿಗೆಯೊಳಗೆ ಭದ್ರವಾಗಿದ್ದರೆ ಪ್ರಯೋಜನವಿಲ್ಲ. ನಿದ್ರೆ-ಸ್ನಾನದ ಹೊತ್ತು ಬಿಟ್ಟು ಎಚ್ಚರವಿರುವಷ್ಟು ಕಾಲವೂ ಕಿವಿಯಲ್ಲಿರಬೇಕು. ಕುಕ್ಕರಿನ ಸೀಟಿ ಕೂಗಿದಾಗ ತಾಯಿ ಕೈತಡೆದು, ಕಿವಿ ಮುಟ್ಟಿ, ಕಣ್ಣರಳಿಸಿ ಮಗುವಿಗೆ ತೋರಬೇಕು. ಬಾಳೆಹಣ್ಣು, ಬಿಸ್ಕತ್ತು ಎರಡನ್ನೂ ಎದುರಿಗೆ ಹಿಡಿದು “ಯಾವುದು ಬೇಕು?” ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಹತ್ತರವರೆಗೆ ಸುಮ್ಮನಿರುವುದು ಹೇಳಿದಷ್ಟು ಸುಲಭವಲ್ಲ. ಹೊಸ ತಜ್ಞೆಯರೇ ನಾಲ್ಕಕ್ಕೆ ಸೋತು ಬಿಸ್ಕತ್ತು ಕೊಟ್ಟುಬಿಡುತ್ತಾರೆ!

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಯಸ್ಸಿನ ಲೆಕ್ಕದಲ್ಲಿ ಹೊಸಬರು ಎಡವುವುದುಂಟು. ಎರಡು ತಿಂಗಳು ಮುಂಚೆ ಹುಟ್ಟಿದ ಎಂಟು ತಿಂಗಳ ಕೂಸಿನ ಬೆಳವಣಿಗೆಯನ್ನು ಆರು ತಿಂಗಳೆಂದೇ ಅಳೆಯಬೇಕು. ಎರಡು ವರ್ಷದವರೆಗೆ ಈ ತಿದ್ದುಪಡಿ ನಡೆಯಬೇಕು. ಇಂತಹ ಕೂಸುಗಳ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಮಾತ್ರ ಹುಟ್ಟಿದ ಮೂವತ್ತು ದಿನದೊಳಗೆ ಆಗಬೇಕು. ಅಲ್ಲಿ ತಿದ್ದುಪಡಿಯ ಮಾತಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ 2008ರಿಂದ ಕ್ಯಾಮೆರಾ ಹೊತ್ತು ಹೊರ ಊರುಗಳ ಆಸ್ಪತ್ರೆಗಳಿಗೆ ಹೋಗುತ್ತಿರುವುದು ಈ ಕಾರಣಕ್ಕೇ. ಅಂತೆಯೇ ನೆಗಡಿ-ಕೆಮ್ಮಿರುವ ದಿನ ತಜ್ಞೆ ಇಂತಹ ಮನೆಯ ಮೆಟ್ಟಿಲು ಹತ್ತಬಾರದು. ಆ ದಿನದ ಸಂಪಾದನೆ ಹೋಗುತ್ತದೆ, ಹೋಗಲಿ.

ಸಂಪಾದನೆಯ ಮಾತು ಬಂತು. ಮನೆಮನೆಗೆ ತಿರುಗುವವರ ದಿನದಲ್ಲಿ ದಾರಿಯೇ ಹೆಚ್ಚು ಹೊತ್ತನ್ನು ನುಂಗುತ್ತದೆ. ಹೋದಾಗ ಮಗು ಮಲಗಿರುತ್ತದೆ, ಇಲ್ಲವೆ ಮನೆಯವರು ಮದುವೆಗೆ ಹೋಗಿರುತ್ತಾರೆ. ಖಾಸಗಿಯಾಗಿ ನಡೆಸುವವರಿಗೆ ವಾರಕ್ಕೆ ಒಂದರ ಬದಲು ಐದು ಭೇಟಿ ಹೇಳುವ ಆಸೆ ಹುಟ್ಟುವುದು ಅಸಹಜವಲ್ಲ. ಗಾಬರಿಗೊಂಡ ತಂದೆ ಸಾಲಮಾಡಿಯಾದರೂ ಒಪ್ಪಿಯಾನು. ತಾಯಿ ಕಲಿತಷ್ಟೂ ತನ್ನ ಭೇಟಿ ಕಡಿಮೆಯಾಗಬೇಕಾದ ವೃತ್ತಿಯಿದು. ವ್ಯಾಪಾರದ ದೃಷ್ಟಿಯಿಂದ ವಿಚಿತ್ರವೇ ಸರಿ. ಜೊತೆಗೆ ಕೆಲವು ಕಾಗದಪತ್ರಗಳ ಅರಿವೂ ಬೇಕು. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯ ವ್ಯಾಪ್ತಿಗೆ ಬರುವ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆಗಳಿರುವವರಿಗೆ ‘ನಿರಾಮಯ’ ಎಂಬ ಆರೋಗ್ಯ ವಿಮೆಯುಂಟು. ಅದರ ಮಿತಿ ಒಂದು ಲಕ್ಷ ರೂಪಾಯಿ, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ. ಇದನ್ನು ತಿಳಿಯದ ಕುಟುಂಬಗಳು ಎಷ್ಟೋ.

ಎಲ್ಲಕ್ಕಿಂತ ಕಠಿಣವಾದ ಗಳಿಗೆ ಬರುವುದು ಸಾಮಾನ್ಯವಾಗಿ ಬಾಗಿಲ ಬಳಿ, ಚಪ್ಪಲಿ ಮೆಟ್ಟುವಾಗ. ತಾಯಿ ದನಿ ತಗ್ಗಿಸಿ ಕೇಳುತ್ತಾಳೆ: “ನಡೀತಾನಾ, ಮೇಡಂ?” ‘ಖಂಡಿತ ನಡೆಯುತ್ತಾನೆ’ ಎನ್ನುವುದು ನಾಲಿಗೆಯ ತುದಿಗೆ ಬರುತ್ತದೆ, ‘ವೈದ್ಯರನ್ನು ಕೇಳಿ’ ಎಂದು ಜಾರಿಕೊಳ್ಳುವುದೂ ಸುಲಭ. ಎರಡು ವರ್ಷದೊಳಗೆ ಆಸರೆಯಿಲ್ಲದೆ ಕುಳಿತ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ನಡೆಯುತ್ತಾರೆಂದು ವೈದ್ಯರ ಅನುಭವ ಹೇಳುತ್ತದೆ. ಆದರೆ ಈ ಒಂದು ಮಗುವಿನ ಮಾತು ಯಾರಿಗೂ ತಿಳಿಯದು. ಅಷ್ಟನ್ನು ಹಾಗೆಯೇ ಹೇಳಿ, “ಈ ತಿಂಗಳು ಅವನು ಕೂರುವುದಕ್ಕೆ ನಾವು ಮಾಡಬೇಕಾದದ್ದು ಇದು” ಎಂದು ತೋರಿಸುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ಹೊಸಬಳು ಮತ್ತೆ ಚಪ್ಪಲಿ ಬಿಟ್ಟು, ಒಳಗೆ ಬಂದು, ಹತ್ತು ನಿಮಿಷ ಕುಳಿತುಕೊಳ್ಳಬೇಕಾಗುತ್ತದೆ. ಮುಂದಿನ ಬಸ್ಸು ತಪ್ಪುತ್ತದೆ.

ಮತ್ತೆ ಗುರುವಾರ ಬರುತ್ತದೆ. ಈ ಸಲ ಕೈಯಲ್ಲಿ ಒಂದು ನೋಟುಪುಸ್ತಕವಷ್ಟೆ. ಬಚ್ಚಲಲ್ಲಿ ಮಗು ಅಗಲವಾದ ಪ್ಲಾಸ್ಟಿಕ್ ಬೋಗುಣಿಯೊಳಗೆ ಕುಳಿತಿದೆ; ಸೊಂಟದ ಸುತ್ತ ಸುತ್ತಿಟ್ಟ ಹಳೆಯ ಟವೆಲ್ಲಿನ ಆಸರೆ. ತಾಯಿ ಚೊಂಬನ್ನು ನೀರ ಮೇಲೆ ತೇಲಿಬಿಟ್ಟು, ಮಗುವಿನ ಕೈಗೆ ಎಟುಕಿಯೂ ಎಟುಕದಷ್ಟು ದೂರಕ್ಕೆ ತಳ್ಳುತ್ತಾಳೆ. ಮಗು ಮುಂದಕ್ಕೆ ಬಾಗುತ್ತದೆ, ತೂರಾಡುತ್ತದೆ, ಒಂದು ಕೈ ಊರಿ ಮತ್ತೆ ನೆಟ್ಟಗಾಗುತ್ತದೆ. ಅಜ್ಜಿ ಬಾಗಿಲಲ್ಲಿ ನಿಂತು, “ನೀನು ಸ್ವಲ್ಪ ಆ ಕಡೆ ಸರಿಯಮ್ಮ, ಅವನಿಗೆ ಚೊಂಬು ಕಾಣಲಿ” ಎನ್ನುತ್ತಾಳೆ. ತಜ್ಞೆ ಸರಿದು ನಿಂತು, ಪುಸ್ತಕದಲ್ಲಿ ಆ ದಿನದ ತಾರೀಖು ಬರೆಯುತ್ತಾಳೆ.